ಅಮಾವಾಸ್ಯೆಯ ದಿನ ಸಮುದ್ರ ಎಲ್ಲಿತ್ತು

ಅಮ್ಮ ಮರಳಿನ ಮೇಲೆ ಒಬ್ಬಳೇ ನಮ್ಮ ಕಡೆಗೆ ನಡೆದು ಬರುತ್ತಿದ್ದಾಗ, ಅವಳ ಹಿಂದೆ ದೂರದಲ್ಲಿ ಬಂಡೆಯ ಮೇಲೆ ಕೂತಿದ್ದ ಅಜ್ಜಿಯ ಸುತ್ತ ನೀರಿತ್ತೋ ಇಲ್ಲವೋ, ನನಗೆ ನಿಜವಾಗಿ ಗೊತ್ತಿಲ್ಲ. ಇತ್ತು ಎಂದು ಏಳನೆಯ ವಯಸ್ಸಿನಲ್ಲಿ ಹೇಳಿದ್ದೆ. ಇರಲಿಲ್ಲ ಎಂದು ಇಪ್ಪತ್ತರ ಹೊತ್ತಿಗೆ ಅನ್ನಿಸತೊಡಗಿತು, ಆಗ ನನಗೆ ಅಮ್ಮನ ಪರ ವಹಿಸುವ ಆಸೆಯಿತ್ತು. ಈಗ ನಲವತ್ತು ದಾಟಿದ ಮೇಲೆ, ಗೋಥೆನ್‌ಬರ್ಗ್‌ನ ವಿಶ್ವವಿದ್ಯಾಲಯದಲ್ಲಿ ಅಳತೆಯೊಳಗೆ ನುಸುಳುವ ತಪ್ಪುಗಳ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದ ಮೇಲೆ, ಎರಡನ್ನೂ ನಂಬುವುದಿಲ್ಲ. ಒಬ್ಬನೇ ಸಾಕ್ಷಿ, ಅವನೂ ಮಗು, ನೋಡಿದ್ದು ಬಲು ದೂರದಿಂದ, ಹೇಳಿದ್ದು ಎಷ್ಟೋ ದಿನಗಳ ಮೇಲೆ. ಇಂಥದ್ದನ್ನು ನನ್ನ ವಿದ್ಯಾರ್ಥಿಗಳು ಯಾರಾದರೂ ತಂದರೆ ಓದದೆ ವಾಪಸು ಕಳಿಸುತ್ತೇನೆ. ಆದರೆ ನಮ್ಮ ಮನೆಯಲ್ಲಿ ಆ ಒಂದೇ ಸಾಕ್ಷಿಯ ಮೇಲೆ ಅಮ್ಮನ ಬಗ್ಗೆ ತೀರ್ಮಾನವಾಗಿಹೋಯಿತು: ಸೊಸೆ ಅತ್ತೆಯನ್ನು ಏರುವ ಸಮುದ್ರದಲ್ಲಿ ಬಿಟ್ಟು ಬಂದಳು ಎಂದು. ಆ ತೀರ್ಮಾನದ ಕೆಳಗೇ ನಾನು ಬೆಳೆದೆ. ಇವತ್ತಿಗೂ ಮನೆಯ ಬಾಗಿಲು ಹಾಕಿ ಮೆಟ್ಟಿಲಿಳಿದವನು ಮತ್ತೆ ಹತ್ತಿ ಹೋಗಿ ಚಿಲಕ ಎಳೆದು ನೋಡುತ್ತೇನೆ.

ನಾವಿದ್ದದ್ದು ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ, ಮೂರನೆಯ ಮಹಡಿಯ ಚಿಕ್ಕ ಮನೆಯಲ್ಲಿ. ಅಪ್ಪ ವಿದ್ಯುತ್ ಯಂತ್ರ, ತಂತಿಮಾರ್ಗಗಳನ್ನು ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಅಮ್ಮ ಮೈಸೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ಇಲ್ಲಿ ಬೆಳಿಗ್ಗೆ ಸ್ವೀಡಿಷ್ ಕಲಿಯುವ ತರಗತಿಗೆ ಹೋಗಿ, ಮಧ್ಯಾಹ್ನ ನನ್ನ ಸ್ಕೂಲಿನ ಗೇಟಿನಲ್ಲಿ ನಿಂತಿರುತ್ತಿದ್ದಳು. ತಾತ ತೀರಿಕೊಂಡ ಮರುವರ್ಷ ಅಪ್ಪನ ತಾಯಿ, ನನ್ನ ಅಜ್ಜಿ, ಮೈಸೂರಿನಿಂದ ಬಂದು ಒಂದು ಚಳಿಗಾಲ, ಒಂದು ಬೇಸಿಗೆ ನಮ್ಮ ಜೊತೆ ಇದ್ದಳು. ಅಲ್ಲಿಯವರೆಗೆ ಮಲಗುವ ಕೋಣೆಯಾಗಿದ್ದದ್ದು ಅಜ್ಜಿಯ ಕೋಣೆಯಾಯಿತು, ಹಾಲ್ ಅಪ್ಪ ಅಮ್ಮನ ಕೋಣೆಯಾಯಿತು, ನಾನು ಎರಡರ ನಡುವೆ ಹಾಸಿಗೆ ಎಳೆದುಕೊಂಡು ಓಡಾಡುವವನಾದೆ. ದೇವರಿಗೆ ಕೋಣೆಯೇ ಇರಲಿಲ್ಲ. ಬಾಗಿಲ ಬಳಿಯ ಗೋಡೆಬೀರುವಿನ ಮೇಲ್ಗಡೆ ದೇವರು, ಕೆಳಗಡೆ ನಮ್ಮ ಹಿಮದ ಬೂಟುಗಳು. ಅಜ್ಜಿ ಬಂದ ದಿನವೇ ಬೂಟುಗಳು ಬಚ್ಚಲಿಗೆ ಹೋದವು. ಆಮೇಲೆ ಬಂದದ್ದು ಬಟ್ಟೆಯ ಜಗಳ. ನಮ್ಮ ಕಟ್ಟಡದವರೆಲ್ಲ ಸರದಿ ಹಿಡಿದು ನೆಲಮಾಳಿಗೆಯಲ್ಲಿದ್ದ ಯಂತ್ರಗಳಲ್ಲಿ ಬಟ್ಟೆ ಒಗೆಯಬೇಕಿತ್ತು. ಅಜ್ಜಿಯ ಮಡಿ ಸೀರೆಯನ್ನು ಅಮ್ಮ ಒಮ್ಮೆ ಬುಟ್ಟಿಗೆ ಹಾಕಿಕೊಂಡಳು.

"ಸುಮಾ, ಯಾರ್ಯಾರ್ದೋ ಕಾಲುಚೀಲ ತಿರುಗಿದ ಡಬ್ಬೀಲಿ ನನ್ನ ಮಡಿ ಸೀರೆ ತಿರುಗಬೇಕಾ?"

"ಅತ್ತೆ, ಅದರಲ್ಲಿ ಕುದಿಯೋ ಹಾಗಿರೋ ನೀರು ಬರತ್ತೆ. ಒಂದು ಕ್ರಿಮಿ ಉಳಿಯಲ್ಲ."

"ಕ್ರಿಮಿ ವಿಷಯ ನಾನು ಕೇಳಿದ್ನಾ? ಮಡಿ ವಿಷಯ ಕೇಳ್ದೆ."

"ನಮ್ಮ ಶಾಸ್ತ್ರದಲ್ಲಿ ಎರಡೂ ಒಂದೇ, ಅತ್ತೆ."

"ನಿಮ್ಮ ಶಾಸ್ತ್ರದಲ್ಲಿ ಎಲ್ಲಾನೂ ಒಂದೇ. ಅದಕ್ಕೇ ನಿನ್ನ ಸಾರಿಗೂ ಹುಳಿಗೂ ಒಂದೇ ರುಚಿ."

ಅಲ್ಲಿಂದ ಮುಂದೆ ಅಜ್ಜಿ ಬಚ್ಚಲಲ್ಲೇ ಸೀರೆ ಹಿಂಡಿ ಬಾಲ್ಕನಿಯಲ್ಲಿ ಹರವಿದಳು. ಜನವರಿಯಲ್ಲಿ ಅದು ಹಲಗೆಯಾಯಿತು. ಅಜ್ಜಿ ಆ ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ತಂದು ಕಿಟಕಿಯ ಕೆಳಗಿನ ಬಿಸಿ ಪೈಪುಗಳಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಸೀರೆ ಸ್ವಲ್ಪ ಹೊತ್ತು ನೆಟ್ಟಗೆ ನಿಂತಿದ್ದು, ನಿಧಾನವಾಗಿ ನಡು ಬಗ್ಗಿಸಿ, ಕೊನೆಗೆ ನೆಲಕ್ಕೆ ಅಡ್ಡಬೀಳುತ್ತಿತ್ತು. ಅಮ್ಮ, ಅಜ್ಜಿ ಇಬ್ಬರೂ ಅದನ್ನು ನೋಡುತ್ತ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅಥವಾ ಒಂದು ದಿನ ನಕ್ಕಿದ್ದನ್ನು ನಾನು ದಿನವೂ ನಕ್ಕರು ಎಂದು ಮಾಡಿಕೊಂಡಿರಬಹುದು. ಇನ್ನೊಂದು ದೃಶ್ಯದ ಬಗ್ಗೆ ಇಷ್ಟು ಅನುಮಾನವಿಲ್ಲ: ಸಂಜೆ ಅಮ್ಮ ಸ್ವೀಡಿಷ್ ಪಾಠ ಒಪ್ಪಿಸುವಾಗ ಅಜ್ಜಿಯೇ ಮೇಷ್ಟ್ರು. ಒಂದಕ್ಷರ ಓದಲು ಬಾರದ ಪುಸ್ತಕವನ್ನು ಕನ್ನಡಕ ಏರಿಸಿಕೊಂಡು ಹಿಡಿದಿರುತ್ತಿದ್ದಳು. ಅಮ್ಮ ತಡವರಿಸಿದ ತಕ್ಷಣ "ತಪ್ಪು" ಎನ್ನುತ್ತಿದ್ದಳು. ಪ್ರತಿ ಸಲವೂ ಅದು ತಪ್ಪೇ ಆಗಿರುತ್ತಿತ್ತು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ರವೆ ಹರಡಿದ ತಟ್ಟೆಯ ಮೇಲೆ ನಾನು ಅಜ್ಜಿ ಹಾಕಿಕೊಟ್ಟ ಅ, ಆ ತಿದ್ದುತ್ತಿದ್ದೆ. ಈ ಪುಟಗಳನ್ನು ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಆ ತಟ್ಟೆಯೇ ಕಾರಣ.

ಅಜ್ಜಿ ಅದುವರೆಗೆ ಸಮುದ್ರವನ್ನು ಮುಟ್ಟಿರಲಿಲ್ಲ. ರಾಮೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ತಾತ ಮದುವೆಯಾದಾಗಿನಿಂದ ಹೇಳುತ್ತ, ಹೇಳುತ್ತಲೇ ಹೋಗಿಬಿಟ್ಟಿದ್ದ. ಅವನ ಹೆಸರಿನಲ್ಲಿ ಒಂದು ಸಮುದ್ರಸ್ನಾನ ಮಾಡಬೇಕು ಎನ್ನುವುದು ಅವಳು ಸ್ವೀಡನ್ನಿಗೆ ಹೊತ್ತು ತಂದ ಒಂದೇ ಆಸೆ. ಅದಕ್ಕೂ ಕಟ್ಟಳೆಯಿತ್ತು. ಅಶ್ವತ್ಥವನ್ನು ಶನಿವಾರ ಬಿಟ್ಟು ಮುಟ್ಟಬಾರದು, ಸಮುದ್ರವನ್ನು ಪರ್ವದಿನ ಬಿಟ್ಟು ಮುಟ್ಟಬಾರದು. ಅಮಾವಾಸ್ಯೆಯೋ ಹುಣ್ಣಿಮೆಯೋ ಆಗಬೇಕು. ಬೇಸಿಗೆ ಶುರುವಾದಾಗ ಒಂದು ಹುಣ್ಣಿಮೆಯ ದಿನ ನೋಡಿ ಅಪ್ಪ ನಮ್ಮನ್ನೆಲ್ಲ ಪೂರ್ವದ ಕರಾವಳಿಗೆ ಕರೆದುಕೊಂಡು ಹೋದ. ಬಾಲ್ಟಿಕ್ ಸಮುದ್ರ ಕೆರೆಯ ಹಾಗೆ ಬಿದ್ದುಕೊಂಡಿತ್ತು. ಅಜ್ಜಿ ಸಂಕಲ್ಪ ಹೇಳಿ, ಬಗ್ಗಿ, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಹಾಗೇ ಉಗಿದಳು.

"ಸಪ್ಪೆ! ಇದ್ಯಾವ ಸೀಮೆ ಸಮುದ್ರಾನೋ?"

"ಸಮುದ್ರಾನೇ ಅಮ್ಮ. ನಕ್ಷೇಲಿ ನೋಡು ಬೇಕಾದ್ರೆ."

"ನಕ್ಷೇಲಿ ಉಪ್ಪು ಹಾಕಿದಾರಾ?"

ಬಾಲ್ಟಿಕ್‌ನಲ್ಲಿ ಉಪ್ಪು ತೀರ ಕಡಿಮೆ ಎಂದು ಅಮ್ಮ ವಿವರಿಸಿದಳು, ನದಿಗಳ ನೀರು ಬಂದು ಸೇರುತ್ತದೆ ಎಂದಳು. ಅಜ್ಜಿ ಆ ವಿವರಣೆಯನ್ನು ಸೊಸೆ ತನ್ನ ಪರ ವಹಿಸಿ ಹೇಳಿದ ಮಾತು ಎಂದೇ ತೆಗೆದುಕೊಂಡಳು. ಕಾರಿನಲ್ಲಿ ಬರುವಾಗ ಅಮ್ಮನ ತೊಡೆ ತಟ್ಟಿ, "ಇವಳಿಗೆ ಗೊತ್ತು, ನಿನಗೇನು ಗೊತ್ತು" ಎಂದು ಅಪ್ಪನಿಗೆ ಹೇಳಿದಳು. ಅದಾಗಿ ಸ್ವಲ್ಪ ದಿನಕ್ಕೆ ಅಪ್ಪನಿಗೆ ಇಂಗ್ಲೆಂಡಿನಲ್ಲಿ ಎರಡು ವಾರದ ಕೆಲಸ ಬಿತ್ತು. ರಜೆಯ ಕಾಲ. ಅಲ್ಲಿಯ ಪಶ್ಚಿಮ ದಡದಲ್ಲಿ ಉಪ್ಪುಪ್ಪು ಸಮುದ್ರವಿದೆ, ಭೀಮನ ಅಮಾವಾಸ್ಯೆಯೂ ಅದೇ ದಿನಗಳಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿ, ವೀಸಾಗಾಗಿ ಸ್ಟಾಕ್‌ಹೋಮ್‌ಗೆ ಓಡಾಡಿ, ಗೋಥೆನ್‌ಬರ್ಗ್‌ನಿಂದ ಹಡಗಿಗೆ ಕಾರು ಹತ್ತಿಸಿ ಎಲ್ಲರನ್ನೂ ಕರೆದುಕೊಂಡು ಹೊರಟ. ಹಡಗಿನ ಮೇಲೆ ಅಜ್ಜಿ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಪರ್ವದಿನವಲ್ಲವಲ್ಲ, ಸುಮ್ಮನೆ ಯಾಕೆ ನೋಡಬೇಕು ಎಂದು.

ಆ ಊರಿಗೆ ನಾವು ತಲುಪಿದ್ದು ಅಮಾವಾಸ್ಯೆಯ ಹಿಂದಿನ ಸಂಜೆ. ದಡದ ಉದ್ದಕ್ಕೂ ಎತ್ತರದ ಕಲ್ಲುಗೋಡೆ, ಅದರ ಮೇಲೆ ಅಗಲವಾದ ಓಡಾಟದ ದಾರಿ, ದಾರಿಗೆ ಮುಖ ಮಾಡಿ ಒಂದಕ್ಕೊಂದು ಅಂಟಿಕೊಂಡ ಬಿಳಿ ತಿಳಿಹಳದಿ ಮನೆಗಳು, ಪ್ರತಿ ಮನೆಯ ಕಿಟಕಿಯಲ್ಲೂ ಕೋಣೆ ಖಾಲಿಯಿದೆಯೋ ಇಲ್ಲವೋ ಎನ್ನುವ ಫಲಕ. ಕಬ್ಬಿಣದ ಕಂಬಗಳ ಮೇಲೆ ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಸೇತುವೆ, ಅದರ ತುದಿಯಲ್ಲಿ ಗುಮ್ಮಟದ ಕಟ್ಟಡ. ಅದು ಎಲ್ಲಿಗೂ ಹೋಗದ ಸೇತುವೆ ಎಂದು ತಿಳಿದಾಗ ಅಪ್ಪನಿಗೆ ಇಂಜಿನಿಯರಾಗಿ ಸಿಟ್ಟು ಬಂತು. ವಿನೆಗರಿನ ಘಾಟು, ಕರಿದ ಆಲೂಗಡ್ಡೆಯ ಎಣ್ಣೆ, ಕಾಗದದ ಪೊಟ್ಟಣಕ್ಕೆ ನೇರವಾಗಿ ಎರಗುವ ದಪ್ಪ ಕಡಲಹಕ್ಕಿಗಳು. ಗೋಡೆಯ ಉದ್ದಕ್ಕೂ ಕಾರುಗಳು ಸಮುದ್ರಕ್ಕೆ ಮೂತಿ ಮಾಡಿ ನಿಂತಿದ್ದವು. ಒಳಗೆ ವಯಸ್ಸಾದ ಗಂಡ ಹೆಂಡತಿಯರು ಗಾಜು ಏರಿಸಿಕೊಂಡು, ಫ್ಲಾಸ್ಕಿನಿಂದ ಚಹ ಬಗ್ಗಿಸಿಕೊಂಡು, ಮಾತಿಲ್ಲದೆ ನೀರನ್ನೇ ನೋಡುತ್ತಿದ್ದರು. ಅಜ್ಜಿಗೆ ಅವರು ತುಂಬ ಹಿಡಿಸಿದರು.

"ನೋಡು, ಇವರಿಗೂ ಶಾಸ್ತ್ರ ಗೊತ್ತು. ಇವತ್ತು ಮುಟ್ಟಕೂಡದು ಅಂತ ಕಾರಿಂದ ಕೆಳಕ್ಕೇ ಇಳಿದಿಲ್ಲ."

ಸಮುದ್ರ ಆ ಹೊತ್ತಿಗೆ ಗೋಡೆಗೇ ಬಂದು ಬಡಿಯುತ್ತಿತ್ತು. ಮೇಲಿನಿಂದ ಇಳಿದ ಕಲ್ಲುಮೆಟ್ಟಿಲುಗಳು ಅರ್ಧಕ್ಕೇ ನೀರಿನಲ್ಲಿ ಮುಳುಗಿದ್ದವು. ನಾಳೆ ಈ ಮೆಟ್ಟಿಲ ಮೇಲೆ ಕೂತು ತಂಬಿಗೆಯಲ್ಲೇ ಸ್ನಾನ ಮಾಡಬಹುದು, ಅಲೆಗೆ ಇಳಿಯುವುದೂ ಬೇಡ ಎಂದು ಅಪ್ಪ ಹೇಳಿದ. ಅಪ್ಪ ಹೀಗೆ ಹೇಳಿದ್ದ ಎನ್ನುವುದೊಂದನ್ನು ಎಲ್ಲರೂ ಒಪ್ಪುತ್ತಾರೆ. ನಾವು ನೀರು ಕಂಡಿದ್ದದ್ದು ಮೈಸೂರಿನ ಕೆರೆಗಳಲ್ಲಿ, ಮನೆಯ ಹತ್ತಿರದ ಮೆಲಾರೆನ್ ಸರೋವರದಲ್ಲಿ, ಆಮೇಲೆ ಆ ಬಾಲ್ಟಿಕ್‌ನಲ್ಲಿ. ಎಲ್ಲ ಕಡೆಯೂ ಸಂಜೆ ಇದ್ದಲ್ಲೇ ನೀರು ಬೆಳಿಗ್ಗೆಯೂ ಇರುತ್ತಿತ್ತು. ಉಬ್ಬರ ಇಳಿತವನ್ನು ಅಪ್ಪ ಅಮ್ಮ ಇಬ್ಬರೂ ಓದಿಯೇ ಇದ್ದರು, ಅಮ್ಮ ಪರೀಕ್ಷೆಯಲ್ಲೂ ಬರೆದಿದ್ದಳಂತೆ. ಅದು ಎರಡು ಮೆಟ್ಟಿಲು ಹೆಚ್ಚುಕಡಿಮೆಯ ವಿಷಯ ಅಂದುಕೊಂಡಿದ್ದರು.

ಬೆಳಿಗ್ಗೆ ಎದ್ದಾಗಲೂ ನೀರು ಗೋಡೆಯ ಹತ್ತಿರವೇ ಇತ್ತು. ಅಜ್ಜಿ ಕಿಟಕಿಯಿಂದ ನೋಡಿ, ಈಗಲೇ ಹೋಗಿಬಿಡೋಣ ಎಂದಳು. ಅಮ್ಮ, ಪೂಜೆ ಮುಗಿಸಿಬಿಡುತ್ತೇನೆ ಅತ್ತೆ, ಖಾಲಿ ಹೊಟ್ಟೆಯಲ್ಲಿದ್ದೇನೆ ಎಂದಳು. ಭೀಮನ ಅಮಾವಾಸ್ಯೆ, ಹೆಂಡತಿ ಗಂಡನ ಪಾದ ತೊಳೆದು ಪೂಜೆ ಮಾಡುವ ದಿನ. ಅಮ್ಮನಿಗೆ ಅದರಲ್ಲಿ ನಂಬಿಕೆಯಿರಲಿಲ್ಲ, ಅಜ್ಜಿಯ ಬಾಯಿಗೆ ಹೆದರಿ ಮಾಡುತ್ತಿದ್ದೆ ಎಂದು ಈಗ ಹೇಳುತ್ತಾಳೆ. ಅಪ್ಪ ಮಂಚದ ತುದಿಯಲ್ಲಿ ಪ್ಯಾಂಟು ಮಡಚಿಕೊಂಡು ಕೂತಿದ್ದ, ಅಮ್ಮ ಕೆಳಗೆ ಕೂತು ಅವನ ಕಾಲಿಗೆ ನೀರು ಹಾಕಿ ಅರಿಸಿನ ಹಚ್ಚುತ್ತಿದ್ದಳು. ಆಗ ಮನೆಯೊಡತಿ, ನಮಗೆ ಕೋಣೆ ಕೊಟ್ಟಿದ್ದ ಇಂಗ್ಲಿಷ್ ಹೆಂಗಸು, ಚಹದ ತಟ್ಟೆ ಹಿಡಿದು ಬಾಗಿಲು ತೆಗೆದಳು. ಹಳದಿ ಕಾಲುಗಳನ್ನು ಕಂಡು, ಅಯ್ಯೋ ಪಾಪ, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದಳು. ಅಪ್ಪನಿಗೆ ಏನು ಹೇಳಬೇಕೋ ತಿಳಿಯದೆ "ವರ್ಷಕ್ಕೊಮ್ಮೆ ಹೀಗಾಗುತ್ತದೆ" ಎಂದುಬಿಟ್ಟ. ಅವಳು ಕೆಳಗೆ ಹೋಗಿ ಬಿಸಿನೀರಿನ ಟಬ್ಬು, ಕಾಲುನೋವಿನ ಉಪ್ಪು ತಂದು, ಅಪ್ಪನ ಕಾಲುಗಳನ್ನು ತಾನೇ ಅದರಲ್ಲಿ ಇಳಿಸಿ, ನೀರು ಆರುವವರೆಗೆ ಎದ್ದೇಳಕೂಡದು ಎಂದು ಅಪ್ಪಣೆ ಮಾಡಿದಳು. ಅವಳಿಗೆ ಬೇಸರವಾಗಬಾರದು ಎಂದು ಅಪ್ಪ ಕೂತೇ ಇದ್ದ. ಅಜ್ಜಿ ತಂಬಿಗೆ, ಒಣಸೀರೆ ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.

ನಾವು ಗೋಡೆಯ ಹತ್ತಿರ ಬಂದಾಗ ಹೊತ್ತು ಏರಿತ್ತು, ಸಮುದ್ರ ಇರಲಿಲ್ಲ. ಮೆಟ್ಟಿಲುಗಳು ಮರಳಿಗೆ ಇಳಿದಿದ್ದವು. ಮರಳಿನ ಮೇಲೆ ಬಟ್ಟೆಯ ಕುರ್ಚಿಗಳು, ಗಾಳಿಗೆ ಅಡ್ಡ ಕಟ್ಟಿದ ಪಟ್ಟೆಪಟ್ಟೆ ಪರದೆಗಳು, ಮಕ್ಕಳನ್ನು ಕೂರಿಸಿಕೊಂಡು ಸಾಲಾಗಿ ನಡೆಯುವ ಕತ್ತೆಗಳು. ಅದರಾಚೆ ಕಂದು ಬಯಲು. ಅದರಾಚೆ ಎಲ್ಲೋ ಒಂದು ಗೆರೆ.

"ಎಲ್ಲಿ ಹೋಯ್ತೋ?"

"ಸ್ವಲ್ಪ ಹಿಂದಕ್ಕೆ ಸರಿದಿದೆ, ಅಮ್ಮ."

"ಬೆಳಿಗ್ಗೇನೇ ಬಡ್ಕೊಂಡೆ. ಇವಳು ಗಂಡನ ಕಾಲು ತೊಳೆಯೋಷ್ಟರಲ್ಲಿ ಸಮುದ್ರ ಎದ್ದು ಹೋಯ್ತು."

"ಹೆಂಗಸರು ಸ್ನಾನ ಮಾಡೋ ಕಡೆ ನಾನು ಯಾಕೆ ಬರಲಿ, ನೀವಿಬ್ರೂ ಹೋಗ್ಬನ್ನಿ" ಎಂದು ಅಪ್ಪ ನನ್ನ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ಬಲಗಡೆ ಒಂದು ಗುಡ್ಡ ಸಮುದ್ರದ ಕಡೆಗೆ ಚಾಚಿತ್ತು. ಅದರ ಬುಡದಲ್ಲಿ ಗಟ್ಟಿ ನೆಲ, ಜನ ನಾಯಿ ಹಿಡಿದುಕೊಂಡು ಓಡಾಡುತ್ತಿದ್ದರು. ಅಮ್ಮ ಅಜ್ಜಿ ಆ ದಾರಿಯಲ್ಲಿ ಹೋದರು. ಮೊದಲು ಇಬ್ಬರ ಸೀರೆಯ ಬಣ್ಣ ಕಾಣುತ್ತಿತ್ತು, ಆಮೇಲೆ ಎರಡು ಕಡ್ಡಿಗಳು, ಆಮೇಲೆ ಯಾವುದು ಯಾರೆಂದು ತಿಳಿಯಲಿಲ್ಲ. ನನಗೆ ಕತ್ತೆಯ ಮೇಲೆ ಕೂರಬೇಕಿತ್ತು. ಕತ್ತೆಗಳ ಹೆಂಗಸು, ಮಧ್ಯಾಹ್ನ ಹನ್ನೆರಡಕ್ಕೆ ಅವು ಊಟಕ್ಕೆ ಹೋಗುತ್ತವೆ, ಬೇಕಾದರೆ ಅಷ್ಟರೊಳಗೆ ಬಾ ಎಂದಿದ್ದಳು. ಅಮ್ಮ ಬರಲಿ ಎಂದು ಅಪ್ಪ ಅನ್ನುತ್ತಿದ್ದ. ನಾನು ಮೆಟ್ಟಿಲು ಇಳಿದು ಹತ್ತಿ, ಇಳಿದು ಹತ್ತಿ, ಕತ್ತೆಗಳನ್ನೂ ಬಯಲನ್ನೂ ಸರದಿಯಲ್ಲಿ ನೋಡುತ್ತಿದ್ದೆ. ಆಗ ಒಂದು ಕಡ್ಡಿ ಈ ಕಡೆಗೆ ಹೊರಟಿತು. ಇನ್ನೊಂದು ದೂರದ ಬಂಡೆಯ ಮೇಲೆ ಉಳಿಯಿತು. ಅದರ ಸುತ್ತ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನನ್ನ ಸಾಕ್ಷಿ ಎಂದರೆ ಇದೇ, ಈ ಒಂದು ಚಿತ್ರ.

"ಅಮ್ಮ ಎಲ್ಲಿ?" ಎಂದ ಅಪ್ಪ.

"ಅಲ್ಲೇ ಕೂತಿದಾರೆ. ನೀರಿಗೆ ಹೋಗಕ್ಕೆ ಆಗಲ್ಲ, ಮುಂದೆ ಬರೀ ಕೆಸರು. ವಾಪಸ್ಸು ಬನ್ನಿ ಅಂದ್ರೆ ಬರಲ್ಲ. ಸಮುದ್ರ ಅಂದ್ಮೇಲೆ ಬರಲೇಬೇಕು, ಬರೋ ತನಕ ಕೂತಿರ್ತೀನಿ, ನೀನು ಹೋಗಿ ಊಟ ಮಾಡು ಅಂದ್ರು."

"ಅವರು ಅಂದ್ರು, ನೀನು ಬಿಟ್ಟು ಬಂದ್ಯಾ?"

"ಹೊತ್ಕೊಂಡು ಬರಲಾ ರೀ? ನಿಮ್ಮಮ್ಮ. ನೀವು ಹೋಗಿ ಹೇಳಿ."

ಅವರಿಬ್ಬರೂ ಜನರ ಎದುರಿಗೇ, ಯಾರಿಗೂ ಕನ್ನಡ ಬರುವುದಿಲ್ಲ ಎಂಬ ಧೈರ್ಯದಲ್ಲಿ, ದನಿ ಎತ್ತಿ ಆಡಿದರು. ಆಮೇಲೆ ಅಪ್ಪ ಚಪ್ಪಲಿ ಕಳಚಿ ಹೊರಟ. ಗುಡ್ಡದ ಬುಡದ ದಾರಿ ಸುತ್ತು ಎಂದು ಅಜ್ಜಿಯತ್ತ ನೇರವಾಗಿ ಬಯಲಿಗೆ ಇಳಿದ. ಅಮ್ಮ ಕೂಗಿದಳು, ಕೇಳಲಿಲ್ಲ. ಎರಡು ಊರುಗಳ ನಡುವೆ ವಿದ್ಯುತ್ ತಂತಿ ಎಳೆಯುವವನಿಗೆ ನೇರ ಗೆರೆಯ ಮೇಲೆ ಇರುವ ನಂಬಿಕೆ ದೊಡ್ಡದು. ಕೆಸರು ಅವನನ್ನು ಮೊಣಕಾಲಿನವರೆಗೆ ತೆಗೆದುಕೊಂಡಿತು, ಒದ್ದಾಡಿದ ಮೇಲೆ ತೊಡೆಯವರೆಗೆ. ಯಾರೋ ಸೀಟಿ ಊದಿದರು. ರಕ್ಷಣೆಯ ಜನ ಹಲಗೆ, ಹಗ್ಗ, ನೀರಿನ ಪಂಪು ತಂದರು. ಆ ಬೆಳಿಗ್ಗೆ ಅರಿಸಿನ ಹಚ್ಚಿಸಿಕೊಂಡಿದ್ದ ಪಾದಗಳು ಹೊರಗೆ ಬರುವ ಹೊತ್ತಿಗೆ ಸಮುದ್ರ ತಿರುಗಿ, ಓಡಿ ಬಂದು, ಅಜ್ಜಿಯ ಬಂಡೆಯನ್ನು ಸುತ್ತುವರಿದಿತ್ತು. ದೊಡ್ಡ ಚಕ್ರದ ಗಾಡಿಯೊಂದು ಗುಡ್ಡದ ಬುಡದಿಂದ ಹೋಗಿ ಅವಳನ್ನು ಕರೆತಂದಿತು. ನೆತ್ತಿಯಿಂದ ಕಾಲಿನವರೆಗೆ ಒದ್ದೆ, ಮೈಮೇಲೆ ಕಿತ್ತಳೆ ಬಣ್ಣದ ಕಂಬಳಿ, ಕೈಯಲ್ಲಿ ತುಂಬಿದ ತಂಬಿಗೆ. ಅವರು ಬರುವ ಮೊದಲೇ ಬಂಡೆಯಿಂದ ಇಳಿದು, ತಾತನ ಹೆಸರು ಹೇಳಿ, ಮೂರು ಮುಳುಗು ಹಾಕಿಬಿಟ್ಟಿದ್ದಳು. ಗಾಡಿಯಿಂದ ಇಳಿಯುತ್ತ ಅವಳು ಹೇಳಿದ ಮೊದಲ ಮಾತು ನನಗೆ ನೆನಪಿದೆ, ಅಮ್ಮನಿಗೂ ನೆನಪಿದೆ.

"ಉಪ್ಪಿದೆ ಕಣೇ ಸುಮಾ!"

ಅಂದರೆ ಆ ದಿನ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ವೆಸ್ಟೆರಾಸ್‌ಗೆ ವಾಪಸು ಬಂದ ಮೇಲೆ, ಭಾನುವಾರದ ಫೋನಿನಲ್ಲಿ. ಮೈಸೂರಿನಲ್ಲಿದ್ದ ತಂಗಿಗೆ ಮೊದಲ ವಾರ ಅಜ್ಜಿ ಹೇಳಿದ್ದು, ಸೊಸೆಯನ್ನು ಊಟಕ್ಕೆ ಕಳಿಸಿ ನಾನು ಕೂತಿದ್ದೆ, ಸಮುದ್ರರಾಜನೇ ಬಂದ ಎಂದು. ಆ ಕಡೆಯಿಂದ ಏನೋ ಕೇಳಿರಬೇಕು. ಮುಂದಿನ ವಾರ, ಬಿಟ್ಟು ಹೋದಳು, ಏನು ಮಾಡೋದು ಎಂದಳು. ಅದರ ಮುಂದಿನ ವಾರಕ್ಕೆ, ನೀರು ಏರುತ್ತಿತ್ತು, ಅವಳು ತಿರುಗಿಯೂ ನೋಡಲಿಲ್ಲ ಎಂದಾಯಿತು. ಫೋನು ಹಾಲ್‌ನಲ್ಲಿತ್ತು, ಅಡುಗೆಮನೆಗೆ ಬಾಗಿಲಿರಲಿಲ್ಲ. ಅಮ್ಮ ಲಟ್ಟಣಿಗೆ ಹಿಡಿದು ಬಂದು ನಿಂತಳು.

"ಅತ್ತೆ, ನೀರು ಏರ್ತಿತ್ತಾ? ನೀವೇ ಹೋಗು ಅಂದಿದ್ದಲ್ವಾ?"

"ಹೋಗು ಅಂದ್ರೆ ಹೋಗಿಬಿಡೋದಾ? ಮನೆಗೆ ಬಂದವರು ಊಟ ಬೇಡ ಅಂದ್ರೆ ಎಲೆ ಎತ್ತಿಬಿಡ್ತಾರಾ?"

ಅಮ್ಮ ಲಟ್ಟಣಿಗೆ ಹಿಡಿದೇ ಒಳಗೆ ಹೋದಳು. ಅಜ್ಜಿಯ ಈ ಮಾತನ್ನು ನಾನೂ ತಳ್ಳಿಹಾಕಲಾರೆ. ಆದರೆ ಅದು ಬೇರೆ ಆರೋಪ, ಏರುವ ನೀರಿನಲ್ಲಿ ಬಿಟ್ಟು ಬಂದಳು ಎನ್ನುವುದು ಬೇರೆ. ಆ ರಾತ್ರಿ ಊಟಕ್ಕೆ ಮೊದಲು ಅಪ್ಪ ನನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಮೆತ್ತಗೆ ಕೇಳಿದ.

"ಪುಟ್ಟ, ಅಮ್ಮ ನಮ್ಮ ಹತ್ರ ಬರ್ತಿದ್ದಾಗ ಅಜ್ಜಿ ಸುತ್ತ ಏನಿತ್ತು?"

"ನೀರು."

"ನೋಡ್ದ್ಯಾ?"

"ಹೊಳೀತಿತ್ತು."

ಅಮ್ಮ ಒಲೆಯ ಮುಂದಿದ್ದಳು, ತಿರುಗಲಿಲ್ಲ. ಅಪ್ಪ ಸರಿ ಎಂದ. ಜಗಳ ಆಗಲಿಲ್ಲ. ಜಗಳವಾಗಿದ್ದರೆ ಮುಗಿದುಹೋಗುತ್ತಿತ್ತೋ ಏನೋ. ಸಂಜೆಯ ಪಾಠ ಒಪ್ಪಿಸುವುದು ನಿಂತಿತು, ಅಮ್ಮ ಪುಸ್ತಕವನ್ನು ತರಗತಿಯಲ್ಲೇ ಬಿಟ್ಟು ಬರತೊಡಗಿದಳು. ಚಳಿ ಬೀಳುವ ಮೊದಲು ಅಜ್ಜಿ ಮೈಸೂರಿಗೆ ಹೋದಳು, ಮತ್ತೆ ಬರಲಿಲ್ಲ. ನಾವು ಎರಡು ವರ್ಷಕ್ಕೊಮ್ಮೆ ಅಲ್ಲಿಗೆ ಹೋದಾಗ ಅಜ್ಜಿ ಅಮ್ಮನ ಕೈಯಡುಗೆಯನ್ನು ಬಾಯಿ ತುಂಬ ಹೊಗಳುತ್ತಿದ್ದಳು. ಆದರೆ ಕಥೆ ಅಷ್ಟರಲ್ಲಿ ಅವಳ ಕೈ ದಾಟಿಹೋಗಿತ್ತು. ಎಲೆಯ ಮುಂದೆ ಕೂತ ನೆಂಟರು ಅಮ್ಮನನ್ನು ಕಂಡ ಕೂಡಲೇ, "ನಮ್ಮನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಮ್ಮ, ನಮಗೆ ಈಜು ಬರಲ್ಲ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಅಮ್ಮನೂ ನಗುತ್ತಿದ್ದಳು. ಅಪ್ಪ ತನ್ನ ಎಲೆಯ ಮೇಲಿನ ಪಲ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸುತ್ತಿದ್ದ. ಅಜ್ಜಿ ತೀರಿಕೊಂಡ ಮೇಲೂ ಆ ಮಾತು ತೀರಲಿಲ್ಲ. ಅಪ್ಪ ಒಂದು ಸಲ, ಒಂದೇ ಒಂದು ಸಲ, ಹಾಗೇನಿಲ್ಲ ಎಂದಿದ್ದರೆ ಸಾಕಿತ್ತು ಎಂದು ಅಮ್ಮ ನನ್ನ ಹತ್ತಿರ ಹೇಳಿದ್ದು ನಾನು ಡಾಕ್ಟರೇಟ್ ಮುಗಿಸಿದ ವರ್ಷ. ನನಗೆ ಆಗಲೇ ಆ ಊರಿಗೆ ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಹೋಗಿ ನೋಡಿದರೆ ಅಜ್ಜಿಯ ಮಾತೇ ನಿಜವಾಗಿಬಿಟ್ಟರೆ?

ಕಳೆದ ಬೇಸಿಗೆಯಲ್ಲಿ ಆ ಕಡೆಯ ಒಂದು ನಗರದಲ್ಲಿ ನನಗೆ ವಿಚಾರಗೋಷ್ಠಿಯಿತ್ತು. ಅದು ಮುಗಿದ ಮೇಲೆ ಅಮಾವಾಸ್ಯೆ ಬರುವವರೆಗೆ ಉಳಿದುಕೊಂಡೆ. ಊರು ಸ್ವಲ್ಪ ಬಣ್ಣಗೆಟ್ಟಿದೆ. ಎಷ್ಟೋ ಮನೆಗಳಲ್ಲಿ ಫಲಕವಿಲ್ಲ. ಕಾರುಗಳು ಸಮುದ್ರಕ್ಕೆ ಮೂತಿ ಮಾಡಿ ಈಗಲೂ ನಿಂತಿವೆ, ಕತ್ತೆಗಳು ಈಗಲೂ ಹನ್ನೆರಡಕ್ಕೆ ಊಟಕ್ಕೆ ಹೋಗುತ್ತವೆ. ನಾನು ಬೆಳಿಗ್ಗೆ ಬೇಗ ಮೆಟ್ಟಿಲ ಮೇಲೆ ಹೋಗಿ ಕೂತೆ, ಕೂರಲಾರದೆ ಎದ್ದೆ, ಗುಡ್ಡದ ಬುಡದವರೆಗೆ ಹೋದೆ, ಬಂದೆ. ನೀರು ಹಿಂದಕ್ಕೆ ಹೋಗುತ್ತಲೇ ಇತ್ತು. ಅಮಾವಾಸ್ಯೆ ಹುಣ್ಣಿಮೆಯ ಸುತ್ತಿನ ದಿನಗಳಲ್ಲೇ ಸಮುದ್ರ ಅತಿ ಹೆಚ್ಚು ಏರುವುದು, ಅತಿ ದೂರ ಸರಿಯುವುದು. ಅಜ್ಜಿಯ ಕಟ್ಟಳೆ ಮುಟ್ಟಬಹುದು ಎಂದು ಅನುಮತಿ ಕೊಟ್ಟ ದಿನಗಳು ಅವೇ. ಹನ್ನೊಂದರ ಮೇಲೆ ಮೋಡ ಸರಿದು ಬಿಸಿಲು ಬಂತು. ಆಗ ಆ ದೂರದ ಬಂಡೆಯ ಸುತ್ತ ಬೆಳ್ಳಿಯ ಹಾಗೆ ಹೊಳೆಯತೊಡಗಿತು. ನೀರು ಅಲ್ಲಿಂದ ಎಷ್ಟೋ ಆಚೆಗಿತ್ತು. ಹೊಳೆಯುತ್ತಿದ್ದದ್ದು ಒದ್ದೆ ಕೆಸರು. ನನಗೆ ಸಮಾಧಾನವಾಗಲಿಲ್ಲ. ಇವತ್ತು ಹೊಳೆದದ್ದು ಕೆಸರು ಎಂದ ಮಾತ್ರಕ್ಕೆ ಅವತ್ತು ಹೊಳೆದದ್ದೂ ಕೆಸರೇ ಆಗಬೇಕಿಲ್ಲ. ನೀರು ತಿರುಗುವವರೆಗೆ ನಿಂತೇ ಇದ್ದೆ.

ಅಲ್ಲಿಂದ ನೇರವಾಗಿ ವೆಸ್ಟೆರಾಸ್‌ಗೆ ಹೋದೆ. ಅದೇ ಮನೆ, ಅದೇ ಅಡುಗೆಮನೆ. ಅಪ್ಪ ನಿವೃತ್ತನಾಗಿದ್ದಾನೆ, ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾನೆ. ಅಮ್ಮ ಉಪ್ಪಿಟ್ಟು ಬಡಿಸುತ್ತಿದ್ದಳು. ನೋಡಿದ್ದನ್ನು ಮೊದಲೇ ಹೇಳಿದರೆ ಅವನ ಉತ್ತರ ಅದಕ್ಕೆ ತಕ್ಕಂತೆ ಬಾಗುತ್ತದೆ ಎಂದು, ಏನೂ ಹೇಳದೆ ಕೇಳಿದೆ.

"ಅಪ್ಪ, ಅವತ್ತು ಅಮ್ಮ ವಾಪಸ್ ಬಂದಾಗ ಕತ್ತೆಗಳು ಇನ್ನೂ ಇದ್ವಾ?"

"ಇದ್ವಲ್ಲ. ಊಟಕ್ಕೆ ಹೋಗ್ಬಿಡ್ತವೆ ಅಂತ ನನ್ನ ಪ್ರಾಣ ತಿಂತಿದ್ದೆ. ನಿಮ್ಮಮ್ಮ ಬಂದು ನಾವು ಮಾತಾಡ್ತಿರೋವಾಗ ಕತ್ತೆಗಳನ್ನ ಹೊಡ್ಕೊಂಡು ಹೋದ್ರು. ನೀನು ಅಲ್ಲೇ ಬಿದ್ದು ಹೊರಳಾಡ್ದೆ."

ನಾನು ನೋಡಿ ಬಂದದ್ದನ್ನು ಆಗ ಹೇಳಿದೆ. ಒಂದು ಊರಿನಲ್ಲಿ ಅಮಾವಾಸ್ಯೆಯ ಇಳಿತ ಯಾವಾಗಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ, ವರ್ಷ ಯಾವುದಾದರೂ ಸರಿ, ಕತ್ತೆಗಳು ಇನ್ನೂ ಇದ್ದವೆಂದರೆ ಅಮ್ಮ ಬಂದಾಗ ಹನ್ನೆರಡಾಗಿರಲಿಲ್ಲ ಎಂದು ವಿವರಿಸಿದೆ. ಅಪ್ಪ ಚಮಚ ಕೆಳಗಿಟ್ಟ.

"ಈಗ ಅದೆಲ್ಲ ಯಾಕೋ? ನಮ್ಮಮ್ಮ ಹೋಗಿ ಎಷ್ಟು ವರ್ಷ ಆಯ್ತು."

"ಯಾಕೆ ಅಂದ್ರೆ ನಾನಿನ್ನೂ ಇದೀನಿ" ಎಂದಳು ಅಮ್ಮ.

ಅಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಫೋನು ತೆಗೆದುಕೊಂಡು, ಮೈಸೂರಿನಲ್ಲಿ ಆಗಿನ್ನೂ ಊಟದ ಹೊತ್ತು ಮೀರಿರಲಿಲ್ಲವಾದ್ದರಿಂದ, ಅಜ್ಜಿಯ ತಂಗಿಗೆ ಮಾಡಿದ. ಅವಳಿಗೆ ತೊಂಬತ್ತರ ಹತ್ತಿರ. "ಚಿಕ್ಕಮ್ಮ, ಸುಮಾ ಅವತ್ತು ನೀರಲ್ಲಿ ಬಿಟ್ಟು ಬರಲಿಲ್ಲ" ಎಂದ. ಅವಳಿಗೆ ಕೇಳಿಸಲಿಲ್ಲವೋ, ಅಥವಾ ಯಾವತ್ತು, ಯಾವ ನೀರು ಎಂದು ತಿಳಿಯಲಿಲ್ಲವೋ. ಅಪ್ಪ ಇನ್ನೊಮ್ಮೆ ಜೋರಾಗಿ ಹೇಳಿದ, ಮತ್ತೊಮ್ಮೆ ಇನ್ನೂ ಜೋರಾಗಿ. ಅಮ್ಮ ಒಲೆಯ ಕಡೆಗೆ ತಿರುಗಿದವಳು ಗ್ಯಾಸು ಹಚ್ಚಲೂ ಇಲ್ಲ, ಆರಿಸಲೂ ಇಲ್ಲ.

ಅಮ್ಮ ಬಂಡೆಯಿಂದ ಹೊರಟಾಗ ತಿರುಗಿ ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಹೋಗು ಎಂದ ಅಜ್ಜಿಯ ದನಿಯಲ್ಲಿ ಎಷ್ಟು ಹೋಗು ಇತ್ತು, ಎಷ್ಟು ಹೋಗಬೇಡ ಇತ್ತು ಎನ್ನುವುದನ್ನು ಅಳೆಯುವ ವಿದ್ಯೆ ನನ್ನಲ್ಲಿಲ್ಲ. ಇದರಲ್ಲಿ ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಒಂದೇ: ಆ ಊರಿನಲ್ಲಿ ಬೇಸಿಗೆಯ ಅಮಾವಾಸ್ಯೆಯ ದಿನ, ಮಧ್ಯಾಹ್ನ ಒಂದು ಗಂಟೆ ದಾಟುವವರೆಗೂ ಸಮುದ್ರ ಹಿಂದಕ್ಕೇ ಹೋಗುತ್ತಿರುತ್ತದೆ.